‘ಮಾಂಸಾಹಾರಿ ಕುಟುಂಬ’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆ ಡೈನೋಸಾರ್‌ಗಳ ಬಗ್ಗೆ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ: “ಮೆಗಲೋಸಾರಿಡೀ ಜುರಾಸಿಕ್ ಕಾಲದ ಒಂದು ದೊಡ್ಡ ಮಾಂಸಾಹಾರಿ ಕುಟುಂಬ.” (ಇಲ್ಲಿ ಕುಟುಂಬ ಅಂದರೆ ಜೀವಿಗಳ ವಿಂಗಡಣೆಯಲ್ಲಿ ಹತ್ತಿರದ ಸಂಬಂಧವಿರುವ ಪ್ರಾಣಿಗಳ ಗುಂಪು, ಇಂಗ್ಲಿಷಿನ ‘ಫ್ಯಾಮಿಲಿ’.) ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಓದಿದವರ ಕಣ್ಣಿಗೆ ಬಾಡಿಗೆ ಮನೆ ಹುಡುಕುತ್ತಿರುವ ಸಂಸಾರ ಬರುತ್ತದೆ, ಅಲ್ವಾ? ಸಾಲದ್ದಕ್ಕೆ ‘ಮೆಗಲೋಸಾರಿಡೀ ಕುಟುಂಬ’ ಅಂತ ಜೋರಾಗಿ ಓದಿದರೆ ‘ಇಡೀ ಕುಟುಂಬ’ ಅಂತಲೇ ಕೇಳಿಸುತ್ತದೆ.

‘ಮಾಂಸಾಹಾರಿ ಪ್ರಾಣಿ’ ಅಂದಾಗ ಈ ತೊಂದರೆ ಇಲ್ಲ. ಪಕ್ಕದಲ್ಲಿ ಕುಟುಂಬ ಬಂದರೆ ಮಾತ್ರ ಅದು ಮನೆಯ ಅಡುಗೆಯ ವಿಷಯವಾಗಿಬಿಡುತ್ತದೆ. ‘ಬೇಟೆಗಾರ ಡೈನೋಸಾರ್’ ಅನ್ನೋಣವೆಂದರೆ, ಸತ್ತು ಬಿದ್ದ ಪ್ರಾಣಿ ಸಿಕ್ಕರೆ ಇವು ಸುಮ್ನೆ ಬಿಡುತ್ತಿದ್ದವೇ? ಸದ್ಯಕ್ಕೆ ‘ಮಾಂಸ ತಿನ್ನುವ ಡೈನೋಸಾರ್‌ಗಳ ಬಳಗ’ ಅಂತ ಬರೆದಿದ್ದೇನೆ. ಪಠ್ಯಪುಸ್ತಕದಲ್ಲಿರುವುದು ‘ಕುಟುಂಬ’. ‘ಬಳಗ’ ಸ್ವಲ್ಪ ಸಡಿಲವಾಯಿತೇನೋ, ಗೆಳೆಯರ ಬಳಗದ ಹಾಗೆ. ನಿಮಗೇನನ್ನಿಸುತ್ತದೆ?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಹಲ್ಲಿ’. ಮೆಗಲೋಸಾರಿಡೀ ಕುಟುಂಬಕ್ಕೆ ಆ ಹೆಸರು ಬಂದದ್ದು ಮೆಗಲೋಸಾರಸ್ ಎಂಬ ಡೈನೋಸಾರ್‌ನಿಂದ. ಅದಕ್ಕೆ 1824ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್. ವಿಜ್ಞಾನದ ಕ್ರಮದಲ್ಲಿ ಹೆಸರು ಪಡೆದ ಮೊದಲ ಡೈನೋಸಾರ್ ಇದೇ. ಡೈನೋಸಾರ್ ಎಂಬ ಪದ ಆಗಿನ್ನೂ ಇರಲಿಲ್ಲ, ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವನ್ ಅದನ್ನು ಕಟ್ಟಿದ್ದು 1842ರಲ್ಲಿ. ಮೆಗಲೋಸಾರಸ್ ಅಂದರೆ ‘ದೊಡ್ಡ ಹಲ್ಲಿ’ ಎಂದು ಬರೆದರೆ ನಮ್ಮ ಮಕ್ಕಳು ಟ್ಯೂಬ್‌ಲೈಟ್ ಪಕ್ಕ ಲೊಚಗುಟ್ಟುವ ಹಲ್ಲಿಯನ್ನೇ ನೆನೆಯುತ್ತಾರೆ. ಬಕ್‌ಲ್ಯಾಂಡ್ ಮುಂದಿದ್ದ ಮೂಳೆಗಳಲ್ಲಿ ಮುಖ್ಯವಾದದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ಸ್ಟೋನ್ಸ್‌ಫೀಲ್ಡಿನಲ್ಲಿ ಸಿಕ್ಕ ಕೆಳದವಡೆಯ ತುಂಡು. ಅದರಲ್ಲಿ ಹಿಂದಕ್ಕೆ ಬಾಗಿದ ಚೂಪು ಹಲ್ಲು, ಹಲ್ಲಿನ ಅಂಚಿಗೆ ಗರಗಸದಂಥ ಸಣ್ಣ ಸಣ್ಣ ಕಚ್ಚು, ಪಕ್ಕದಲ್ಲೇ ಮೊಳೆಯುತ್ತಿರುವ ಹೊಸ ಹಲ್ಲುಗಳು. ಇದು 40 ಅಡಿಗೂ ಉದ್ದದ, ಹಲ್ಲಿಯ ಜಾತಿಯ ಪ್ರಾಣಿ ಎಂದು ಅವರು ಊಹಿಸಿದರು. (ಈಗಿನ ಅಂದಾಜು ಸುಮಾರು 20 ಅಡಿ. ನಡೆಯುತ್ತಿದ್ದುದು ಎರಡೇ ಕಾಲಿನಲ್ಲಿ.) ಅವರ ಊಹೆಗೆ ಕನ್ನಡದಲ್ಲಿ ‘ಉಡ’ವೇ ಹತ್ತಿರ ಅಂತ ನನ್ನ ಅನಿಸಿಕೆ. ಇದೇ ಬಳಗದ ಟಾರ್ವೋಸಾರಸ್ ಅಮೆರಿಕದ ಕೊಲೊರಾಡೊದಲ್ಲೂ ಪೋರ್ಚುಗಲ್‌ನಲ್ಲೂ ಸಿಕ್ಕಿದೆ, 30 ಅಡಿಯವರೆಗೆ ಬೆಳೆಯುತ್ತಿತ್ತು. ಅದಕ್ಕಂತೂ ‘ಹಲ್ಲಿ’ ಒಗ್ಗುವುದೇ ಇಲ್ಲ.

ಆದರೆ ಈ ಹೆಸರುಗಳ ಕೊನೆಯ ‘ಸಾರಸ್’ಗೆ ಮೂಲವಾದ ಗ್ರೀಕಿನ ‘ಸಾರೋಸ್’ ಉಡಕ್ಕಷ್ಟೇ ಮೀಸಲಲ್ಲ ನೋಡಿ. ಹಲ್ಲಿ, ಓತಿಕ್ಯಾತ, ಉಡ, ಹಾವುರಾಣಿ ಇಷ್ಟನ್ನೂ ಒಟ್ಟಿಗೆ ಕರೆಯುವ ಆಡುಮಾತಿನ ಪದ ನಿಮ್ಮ ಕಡೆ ಇದೆಯೇ? ‘ಸರೀಸೃಪ’ ಬೇಡ, ಅದರಲ್ಲಿ ಹಾವು, ಆಮೆ, ಮೊಸಳೆಗಳೂ ಬಂದುಬಿಡುತ್ತವೆ.