ಹಳೇ ಪೇಟೆ ಬೀದಿ: ಫುಟ್‌ಪಾತೋ, ಪಾರ್ಕಿಂಗೋ?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಂಥ ಅಂಗಡಿ ಬೀದಿ, ಅಗಲ 12 ಮೀಟರ್ ಅಂದುಕೊಳ್ಳಿ. ಫುಟ್‌ಪಾತ್ ಅಗಲ ಮಾಡಿದ್ರೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲದೆ ಗಿರಾಕಿ ಬರಲ್ಲ ಅಂತ ವರ್ತಕರ ತಕರಾರು. ಜಾಗ ಹಂಚೋ ಲೆಕ್ಕ ಹೇಗೆ?

ಉತ್ತರ 1: ಐಆರ್‌ಸಿ 103ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ) ಪ್ರಕಾರ ವಾಣಿಜ್ಯ ಬೀದಿಯಲ್ಲಿ ಅಡೆತಡೆಯಿಲ್ಲದ ಫುಟ್‌ಪಾತ್ ಕನಿಷ್ಠ 2.5 ಮೀಟರ್. ಎರಡೂ ಬದಿಗೆ 5 ಹೋಯ್ತು. ಒಂದು ಬದಿ ಬೈಕ್ ನಿಲುಗಡೆಗೆ 2, ಉಳಿದ 5 ಏಕಮುಖ ಸಂಚಾರಕ್ಕೆ. ಅಗ್ನಿಶಾಮಕ ವಾಹನವೂ ನುಗ್ಗುತ್ತೆ. ತಕರಾರಿಗೆ ಮದ್ದು: ಒಂದು ಸಂತೆ ದಿನ, ಒಂದು ಮಾಮೂಲಿ ದಿನ ಗಂಟೆಗೊಮ್ಮೆ ನಿಂತಿರೋ ಗಾಡಿಗಳ ನಂಬರ್ ಬರೆದುಕೊಳ್ಳಿ. ಬೆಳಗ್ಗೆಯಿಂದ ರಾತ್ರಿವರೆಗೂ ಕದಲದ ಗಾಡಿ ಗಿರಾಕಿಯದ್ದಲ್ಲ, ಬಹುತೇಕ ಅಂಗಡಿಯವರದ್ದೇ! ಲಾರಿ ಲೋಡಿಂಗ್ ಬೆಳಗ್ಗೆ 9ರೊಳಗೆ ಮುಗೀಬೇಕು.

ಉತ್ತರ 2: ಕಲ್ಲು ಹಾಸೋದು ಕೊನೆಗೆ. ಮೊದಲು ಯುಜಿಡಿ (ಒಳಚರಂಡಿ), ನೀರು, ಬೆಸ್ಕಾಂ ಕೇಬಲ್. ರಸ್ತೆಯಡಿ ಅಡ್ಡಡ್ಡ ಖಾಲಿ ಪೈಪ್ ಹೂಳದಿದ್ರೆ ಹೊಸ ನಲ್ಲಿ ಸಂಪರ್ಕಕ್ಕೆ ಮತ್ತೆ ಅಗೆತ ಗ್ಯಾರಂಟಿ. ಕರ್ಬ್ (ಫುಟ್‌ಪಾತ್ ಅಂಚಿನ ಕಲ್ಲು) ಎತ್ತರ 150 ಮಿ.ಮೀ. ದಾಟಬಾರದು; ದಾಟಿದ್ರೆ ವಯಸ್ಸಾದವರು ರಸ್ತೆಯಲ್ಲೇ ನಡೀತಾರೆ.

ಉತ್ತರ 3: ತಳ್ಳುಗಾಡಿಯವರನ್ನ ಮರೆತ್ರಲ್ಲ! 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿಸಿ ವ್ಯಾಪಾರದ ಪ್ರಮಾಣಪತ್ರ ಕೊಡೋವರೆಗೆ ಎಬ್ಬಿಸೋ ಹಾಗಿಲ್ಲ. ಸ್ಥಳಾಂತರಕ್ಕೂ 30 ದಿನದ ನೋಟಿಸ್ ಬೇಕು. ನಕ್ಷೆಯಲ್ಲೇ ಅವರ ಜಾಗ ಗುರುತಿಸಿ.