ಎಸ್‌ಎಸ್‌ಎಚ್ ಮೂಲಕ ವಿಂಡೋ ತೆರೆಯುತ್ತಿಲ್ಲ, ಅನುಭವವಿದ್ದವರು ತಿಳಿಸಿ

ಲ್ಯಾಪ್‌ಟಾಪ್‌ನಿಂದ ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುತ್ತೇನೆ. ಟರ್ಮಿನಲ್ ಕೆಲಸವೆಲ್ಲ ಸರಾಗವಾಗಿ ನಡೆಯುತ್ತದೆ. ಗ್ರಾಫ್ ಬಿಡಿಸುವ ಪ್ರೋಗ್ರಾಂ ನಡೆಸಿದರೆ ಮಾತ್ರ ‘ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ’ ಎಂದು ನಿಂತುಬಿಡುತ್ತದೆ. ವಿಂಡೋ ಯಾವ ಪರದೆಯಲ್ಲಿ ತೆರೆಯಬೇಕೆಂದು ಹೇಳುವ ಡಿಸ್‌ಪ್ಲೇ ವೇರಿಯಬಲ್‌ಗೆ ನಾನೇ ಮೌಲ್ಯ ಕೊಟ್ಟು ನೋಡಿದೆ, ಫಲವಿಲ್ಲ.

ಉತ್ತರ 1

ಮೊದಲು ನೀವು ಕೊಟ್ಟ ಆ ಮೌಲ್ಯವನ್ನು ತೆಗೆದುಹಾಕಿ. ಅದನ್ನು ತುಂಬುವುದು ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್‌ಗಳನ್ನು ಸ್ವೀಕರಿಸುವ ಎಸ್‌ಎಸ್‌ಎಚ್‌ಡಿ ಪ್ರೋಗ್ರಾಂನ ಕೆಲಸ. ಹಿಂದೆಂದೋ ಬ್ಯಾಷ್‌ಆರ್‌ಸಿ ಕಡತದಲ್ಲಿ ಬರೆದಿಟ್ಟಿದ್ದ ಒಂದೇ ಸಾಲು ಪ್ರತಿ ಲಾಗಿನ್‌ನಲ್ಲೂ ಸರಿಯಾದ ಮೌಲ್ಯವನ್ನು ಅಳಿಸುತ್ತಿದ್ದುದರಿಂದ ನಾನು ಎರಡು ದಿನ ಪರದಾಡಿದ್ದೇನೆ.

ಹೊಸದಾಗಿ ಲಾಗಿನ್ ಆಗಿ ಆ ವೇರಿಯಬಲ್‌ನಲ್ಲಿ ಏನಿದೆ ನೋಡಿ. ‘ಲೋಕಲ್‌ಹೋಸ್ಟ್:10.0’ ಎಂಬಂತಿದ್ದರೆ ವಿಂಡೋ ನಿಮ್ಮ ಪರದೆಗೆ ಬರಲು ಸರ್ವರ್ ಕಡೆಯ ದಾರಿ ತೆರೆದಿದೆ. ಎಣಿಕೆ 10ರಿಂದ ಶುರುವಾಗುವುದು ಸರ್ವರ್‌ಗೇ ಜೋಡಿಸಿದ ಪರದೆಯ ಸಂಖ್ಯೆಯೊಂದಿಗೆ ಘರ್ಷಣೆ ಆಗದಿರಲೆಂದು. ಖಾಲಿ ಇದ್ದರೆ ದಾರಿಯೇ ಆಗಿಲ್ಲ. ಆಗ ಲಾಗಿನ್ ಆದೇಶವನ್ನು ಇನ್ನೊಮ್ಮೆ ಓದಿ: ಬೇಕಿರುವುದು ದೊಡ್ಡಕ್ಷರದ ಎಕ್ಸ್ ಆಯ್ಕೆ (-X). ಚಿಕ್ಕಕ್ಷರದ ಎಕ್ಸ್ ಈ ದಾರಿಯನ್ನು ನಿಲ್ಲಿಸುವ ಆಯ್ಕೆ! ಓಪನ್‌ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ಎಕ್ಸ್11 ಫಾರ್ವರ್ಡಿಂಗ್, ಅಂದರೆ ಈ ದಾರಿ, ಮೂಲತಃ ‘ನೋ’ ಆಗಿರುತ್ತದೆ. ಕಾನ್ಫಿಗ್ ಕಡತದಲ್ಲಿ ‘ಯೆಸ್’ ಮಾಡಿ ಎಸ್‌ಎಸ್‌ಎಚ್‌ಡಿಯನ್ನು ಮರುಪ್ರಾರಂಭಿಸಬೇಕು. ಅದಾದ ಮೇಲೂ ಬರದಿದ್ದರೆ ಸರ್ವರ್‌ನಲ್ಲಿ ಎಕ್ಸ್‌ಆತ್ (ಪರದೆ ಬಳಸುವ ಅನುಮತಿಯನ್ನು ನೋಡಿಕೊಳ್ಳುವ ಪ್ರೋಗ್ರಾಂ) ಇದೆಯೇ ನೋಡಿ. ಕನಿಷ್ಠ ಪ್ಯಾಕೇಜುಗಳೊಂದಿಗೆ ಸ್ಥಾಪಿಸಿದ ಯಂತ್ರಗಳಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ.

ವಿಂಡೋಗಳನ್ನು ಪರದೆಯ ಮೇಲೆ ಬಿಡಿಸುವ ಎಕ್ಸ್ ಸರ್ವರ್ ಇರಬೇಕಾದದ್ದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ದೂರದ ಯಂತ್ರದಲ್ಲಲ್ಲ. ಮ್ಯಾಕ್ ಆದರೆ ಎಕ್ಸ್‌ಕ್ವಾರ್ಟ್ಜ್, ವಿಂಡೋಸ್ ಆದರೆ ವಿಸಿಎಕ್ಸ್‌ಎಸ್‌ಆರ್‌ವಿಯಂಥದ್ದು ಚಾಲನೆಯಲ್ಲಿರಬೇಕು. ದೊಡ್ಡ ಪ್ರೋಗ್ರಾಂಗೆ ಮೊದಲು ಎಕ್ಸ್‌ಕ್ಲಾಕ್ ಎಂಬ ಚಿಕ್ಕ ಗಡಿಯಾರ ಪ್ರೋಗ್ರಾಂ ನಡೆಸಿ ಪರೀಕ್ಷಿಸಿ.

ಉತ್ತರ 2

ಮೇಲಿನ ಮಾತೆಲ್ಲ ಸರಿ. ನನಗಾದದ್ದು ಬೇರೆ. ಹೋಮ್ ಡೈರೆಕ್ಟರಿ ಪೂರ್ತಿ ತುಂಬಿಹೋಗಿ ಎಕ್ಸ್‌ಆತ್‌ಗೆ ತನ್ನ ಕುಕಿಯನ್ನು (ಅನುಮತಿಯ ಗುಟ್ಟಿನ ಸಂಕೇತವನ್ನು) ಬರೆದಿಡಲು ಜಾಗವೇ ಇರಲಿಲ್ಲ. ಹಳೆಯ ಕಡತಗಳನ್ನು ಅಳಿಸಿ ಮತ್ತೆ ಲಾಗಿನ್ ಆದ ಮೇಲೆ ವಿಂಡೋ ಬಂತು. ನಿರ್ವಾಹಕನ (ರೂಟ್) ಅಧಿಕಾರದಲ್ಲಿ ಪ್ರೋಗ್ರಾಂ ನಡೆಸುವ ಸುಡೋ ಬಳಸಿದಾಗ ಮಾತ್ರ ತೆರೆಯದಿದ್ದರೆ ಅಲ್ಲಿಯೂ ಕುಕಿಯನ್ನೇ ಅನುಮಾನಿಸಿ: ಅದು ನಿಮ್ಮ ಖಾತೆಯಲ್ಲಿದೆ, ರೂಟ್ ಖಾತೆಯಲ್ಲಿಲ್ಲ.

ದಯವಿಟ್ಟು ಯಾರಾದರೂ ‘ಎಕ್ಸ್‌ಹೋಸ್ಟ್ ಪ್ಲಸ್’ ಆದೇಶ ಕೊಡಿ ಎಂದರೆ ಕೇಳಬೇಡಿ. ನಿಮ್ಮ ಪರದೆಯ ಪ್ರವೇಶ ನಿಯಂತ್ರಣವನ್ನೇ ಅದು ತೆಗೆದುಹಾಕುತ್ತದೆ, ಎಸ್‌ಎಸ್‌ಎಚ್ ದಾರಿಗೆ ಅದರ ಅಗತ್ಯವೂ ಇಲ್ಲ.

ಉತ್ತರ 3

ಲಾಗಿನ್ ಆದ ಹೊಸದರಲ್ಲಿ ವಿಂಡೋ ತೆರೆದು, ಸ್ವಲ್ಪ ಹೊತ್ತಿನ ನಂತರ ಹೊಸ ವಿಂಡೋಗಳು ಬರದೇ ಹೋದರೆ ಗಡಿಯಾರ ನೋಡಿ. ದೊಡ್ಡ ಎಕ್ಸ್ ಕೊಡುವ ನಿರ್ಬಂಧಿತ ಅನುಮತಿಯ ಅವಧಿ ಮೂಲತಃ 20 ನಿಮಿಷ. ಅದನ್ನು ಕ್ಲೈಂಟ್ ಕಾನ್ಫಿಗ್‌ನಲ್ಲಿ ಹೆಚ್ಚಿಸಬಹುದು. ಎಕ್ಸ್ ಬದಲು ಕೊಡಬಹುದಾದ ದೊಡ್ಡ ವೈ ಆಯ್ಕೆಗೆ (-Y) ಈ ಮಿತಿಯಿಲ್ಲ, ಆದರೆ ಅದರಲ್ಲಿ ದೂರದ ಪ್ರೋಗ್ರಾಂ ನಿಮ್ಮ ಕೀಲಿಮಣೆಯ ಒತ್ತುಗಳನ್ನೂ ಓದಬಲ್ಲದು. ನಾನು ಅದನ್ನು ನಾನೇ ನಿರ್ವಹಿಸುವ ಸರ್ವರ್‌ಗೆ ಮಾತ್ರ ಬಳಸುತ್ತೇನೆ.