ಎರಡು ತಿಂಗಳ ಮಗುವಿನ ಎದೆಯಲ್ಲಿ ಶಬ್ದ ಇದೆಯಂತೆ, ಎಕೋ ಮಾಡಿಸಲೇಬೇಕಾ?

ಮದ್ದೂರಿನ ಅಪ್ಪ:
ಲಸಿಕೆ ಹಾಕಿಸೋಕೆ ಹೋದಾಗ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಮಗಳ ಎದೆಯಲ್ಲಿ ಮರ್ಮರ್ ಇದೆ, ಅಂದರೆ ಹೃದಯ ಬಡಿತದ ಜೊತೆ ಇನ್ನೊಂದು ಶಬ್ದ ಕೇಳಿಸ್ತಿದೆ, ಮೈಸೂರಿಗೆ ಹೋಗಿ ಹೃದಯದ ಸ್ಕ್ಯಾನಿಂಗ್, ಎಕೋ ಮಾಡಿಸಿ ಅಂದರು. ಹುಟ್ಟಿದಾಗ ಎಲ್ಲ ಸರಿ ಇದೆ ಅಂತ ಬರೆದುಕೊಟ್ಟಿದ್ದರು, ಈಗ ಎಲ್ಲಿಂದ ಬಂತು? ಅತ್ತೆ ಬೇರೆ ಎಳೇ ಕೂಸಿಗೆ ಮೆಷಿನ್ ಗಿಷಿನ್ ಬೇಡ ಅಂತಾರೆ. ಮಗು ಲವಲವಿಕೆಯಿಂದಲೇ ಇದೆ. ಹಾಲು ಕುಡಿಯುವಾಗ ಹಣೆ ಬೆವರುತ್ತೆ, ಸೆಕೆ ಇರಬೇಕು ಅಂತ ಸುಮ್ಮನಿದ್ದೆವು.

ಮಕ್ಕಳ ವಾರ್ಡ್ ನರ್ಸ್, ಮೈಸೂರು:
ಸರ್, ಆ ಬೆವರು ಮುಖ್ಯ. ಫ್ಯಾನ್ ಕೆಳಗೂ ಬೆವರುತ್ತಾ? ಎರಡು ಗುಟುಕು ಕುಡಿದು ಬಿಟ್ಟು, ಏದುಸಿರು ಬಿಟ್ಟು, ಮತ್ತೆ ಕುಡಿಯುತ್ತಾ? ತೂಕ ಏರ್ತಿದೆಯಾ? ತಾಯಿ ಕಾರ್ಡ್ ತೆಗೆದು ನೋಡಿ.

ಹುಟ್ಟಿದಾಗ ಯಾರೋ ತಪ್ಪು ನೋಡಿದರು ಅಂತಲ್ಲ. ಮೊದಲ ದಿನಗಳಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ ಇರುತ್ತೆ, ಹಾಗಾಗಿ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತಿದ್ದರೂ ರಕ್ತ ಅಷ್ಟಾಗಿ ಹರಿಯಲ್ಲ, ಶಬ್ದನೂ ಬರಲ್ಲ. ಕೆಲವು ವಾರ ಕಳೆದು ಒತ್ತಡ ಇಳಿದ ಮೇಲೆ ಕೇಳಿಸುತ್ತೆ. ಶಬ್ದ ಜೋರಾಗಿದ್ದರೆ ಕಾಯಿಲೆ ದೊಡ್ಡದು ಅಂತಾನೂ ಅಲ್ಲ. ನೀರಿನ ಪೈಪ್ ಬಾಯಿಗೆ ಹೆಬ್ಬೆರಳು ಒತ್ತಿದರೆ ಸದ್ದು ಜಾಸ್ತಿ ಅಲ್ವಾ, ಸಣ್ಣ ತೂತೂ ಹಾಗೇ. ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಮರ್ಮರ್ ಇರಬಹುದು. ಯಾವುದು ಅಂತ ಎಕೋದಲ್ಲೇ ಗೊತ್ತಾಗೋದು. ನಿಮ್ಮ ಮಗುವಿಗೆ ಬೆವರೂ ಇದೆ, ತಡ ಮಾಡಬೇಡಿ.

ಕುವೆಂಪುನಗರದ ಅಮ್ಮ:
ಅತ್ತೆಯವರಿಗೆ ಹೇಳಿ, ಎಕೋ ಅಂದರೆ ಬಸುರಿಯಲ್ಲಿ ಮಾಡ್ತಾರಲ್ಲ, ಅದೇ ಸ್ಕ್ಯಾನಿಂಗ್. ಸೂಜಿ ಇಲ್ಲ, ಎಕ್ಸ್‌ರೇ ಥರ ವಿಕಿರಣನೂ ಇಲ್ಲ. ನಮ್ಮ ಮಗನಿಗೆ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಮಾಡಿಸಿದೆವು. ಮಗು ಅತ್ತರೆ ಚಿತ್ರ ಸರಿಯಾಗಿ ಸಿಗಲ್ಲ, ಅದಕ್ಕೆ ಹೊರಗೆ ಬೆಂಚ್ ಮೇಲೆ ಕೂತು ಹಾಲು ಕುಡಿಸಿ, ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಒಳಗೆ ಕರ್ಕೊಂಡು ಹೋದೆ. ಎದೆಗೆ ತಣ್ಣನೆ ಜೆಲ್ ಹಚ್ಚಿದಾಗ ಒಂದು ಸಲ ಮುಖ ಕಿವುಚಿದ, ಅಷ್ಟೇ. ಮುಂದೆ ಗುಂಡಿ ಇರೋ ಅಂಗಿ ಹಾಕಿ, ಸ್ವೆಟರ್ ಬೇಡ. ಅವನದು ಸಣ್ಣ ತೂತು, ತಾನಾಗೇ ಮುಚ್ಚಿಕೊಂಡಿತು. ಎಲ್ಲರಿಗೂ ಹಾಗಾಗಲ್ಲ, ಡಾಕ್ಟರ್ ಕರೆದಾಗೆಲ್ಲ ಹೋಗಿ ತೋರಿಸಲೇಬೇಕು.

ಖರ್ಚಿನ ಚಿಂತೆ ಇದ್ದರೆ ನಿಮ್ಮ ಆಶಾ ಕಾರ್ಯಕರ್ತೆ ಹತ್ತಿರ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಮಕ್ಕಳ ಆರೋಗ್ಯ ತಪಾಸಣೆ, ಚಿಕಿತ್ಸೆಯ ಸರ್ಕಾರಿ ಯೋಜನೆ) ತಂಡದ ಬಗ್ಗೆ ಕೇಳಿ. 2013ರಿಂದ ಇರುವ ಯೋಜನೆ, 18 ವರ್ಷದವರೆಗಿನ ಮಕ್ಕಳಿಗೆ.

ಮದ್ದೂರಿನ ಅಪ್ಪ:
ಫ್ಯಾನ್ ಹಾಕಿದ್ರೂ ಬೆವರ್ತಾಳೆ. ತೂಕನೂ ಕಡಿಮೆನೇ. ಕೋವಿಡ್ ಟೈಮಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದೆ, ಹಾಕಿ ನೋಡಬಹುದಾ?

ಮಕ್ಕಳ ವಾರ್ಡ್ ನರ್ಸ್, ಮೈಸೂರು:
ಬೇಡ. ಅದು ದೊಡ್ಡವರ ಬೆರಳಿನ ಕ್ಲಿಪ್, ಕೂಸಿಗೆ ನಂಬೋಕಾಗಲ್ಲ. ಆಸ್ಪತ್ರೆಯಲ್ಲಿ ಬಲಗೈಗೆ, ಒಂದು ಪಾದಕ್ಕೆ ಸುತ್ತುವ ಪುಟ್ಟ ಪ್ರೋಬ್ ಇರುತ್ತೆ. ಇನ್ನೊಂದು, ತೂತು ಇರೋ ಎಷ್ಟೋ ಮಕ್ಕಳಲ್ಲಿ ಆಮ್ಲಜನಕ ಸರಿಯಾಗೇ ತೋರಿಸುತ್ತೆ, 98 ಬಂತು ಅಂತ ನೀವು ಮನೇಲೇ ಉಳಿದುಬಿಡ್ತೀರಿ. ನಾಳೆನೇ ಹೊರಡಿ. ಅಷ್ಟರೊಳಗೆ ನಾಲಿಗೆ, ತುಟಿ ಒಳಭಾಗ ನೀಲಿ ಆದರೆ, ಪಕ್ಕೆ ಒಳಗೆ ಸೆಳೀತಿದ್ದರೆ, ಹಾಲೇ ಬಿಟ್ಟರೆ ಮೈಸೂರು ಅಂತ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ರಾತ್ರಿಯಾದ್ರೂ ಓಡಿ. 108ಕ್ಕೆ ಫೋನ್ ಮಾಡಿ.